ವರ್ಷತೊಡಕಿಗೆ ಕೊಂಡ ಬೀಗ

ನಮ್ಮ ಹೆರಿಗೆ ಆಸ್ಪತ್ರೆಯ ಹಿಂಬದಿಯಲ್ಲಿ ಕುಡಿತ ಬಿಡಿಸುವ ವಾರ್ಡು ಶುರುವಾದಾಗ ಜಯನಗರದ ನನ್ನ ಗೆಳತಿಯರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಹೆಂಡತಿ ಮುಂದಿನ ಬಾಗಿಲಲ್ಲಿ, ಗಂಡ ಹಿಂದಿನ ಬಾಗಿಲಲ್ಲಿ, ಇಬ್ಬರಿಗೂ ಒಬ್ಬಳೇ ಡಾಕ್ಟರು ಎಂದು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಆ ವಾರ್ಡನ್ನು ಕೇಳಿ ಪಡೆದವಳು ನಾನೇ. ಸುದ್ದಗುಂಟೆಪಾಳ್ಯದ ಸುತ್ತ ಬಡಾವಣೆಗಳು ಏಳುತ್ತಿದ್ದ, ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಸೈಟುಗಳಿಗೆ ಕಲ್ಲು ನೆಡುವವರು, ಗಾರೆ ಕೆಲಸದವರು, ಮಣ್ಣು ಹೊರುವವರು ಕೂಲಿ ಕೈಗೆ ಬಂದೊಡನೆ ಸಾರಾಯಿ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ನನ್ನಲ್ಲಿಗೆ ಬರುವ ಬಸುರಿಯರ ಬೆನ್ನ ಮೇಲಿನ ಬಾಸುಂಡೆ ನೋಡಿ ನೋಡಿ ನನಗೆ ರೋಸಿಹೋಗಿತ್ತು. ಹೆಂಗಸರಿಗೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು, ಗಂಡಸರಿಗೂ ಮಂಚ ಕೊಡಿ ಎಂದು ಹಠ ಹಿಡಿದು ಬರೆದೆ.

ನಮ್ಮ ಪ್ರದೇಶದ ಆಡಳಿತ ನೋಡಿಕೊಳ್ಳುತ್ತಿದ್ದ ಸ್ಥಳೀಯ ಸಂಸ್ಥೆಯನ್ನು ನಾವು ಆಸ್ಪತ್ರೆಯವರು ‘ಆಫೀಸು’ ಎಂದಷ್ಟೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಆಫೀಸಿನ ಸಮಿತಿಯಲ್ಲಿ ವಾದವೋ ವಾದ ನಡೆದು ಕೊನೆಗೆ ತಾತ್ಕಾಲಿಕ ಯೋಜನೆ ಎಂಬ ಹೆಸರಿನಲ್ಲಿ ಅನುದಾನ ಸಿಕ್ಕಿತು. ಹಿಂದಿನ ಹಳೆಯ ಗೋಡೌನಿಗೆ ಸುಣ್ಣ ಹೊಡೆದು ಕೆಲವು ಮಂಚ ಹಾಕಿದೆವು. ಇಬ್ಬರು ಗಂಡು ಅಟೆಂಡರುಗಳು, ರಾತ್ರಿಗೊಬ್ಬ ನರ್ಸ್, ಔಷಧಿ ಎಲ್ಲವೂ ಆ ಅನುದಾನದಿಂದಲೇ ನಡೆಯಬೇಕು.

ಒಂದು ಷರತ್ತು ಇತ್ತು. ಹೆರಿಗೆಯ ಹೆಂಗಸರು ಇರುವ ಕಡೆಗೆ ಕುಡುಕರು ನುಗ್ಗಬಾರದು, ಆದ್ದರಿಂದ ಅಂಗಳದ ಕಡೆಗೆ ಕಬ್ಬಿಣದ ಎಳೆಗೇಟು ಹಾಕಿ ಹಗಲೂ ರಾತ್ರಿ ಬೀಗ ಇರತಕ್ಕದ್ದು. ಬೀಗವಿಲ್ಲದಿದ್ದರೆ ಅನುದಾನವಿಲ್ಲ. ಇವರು ಕಾಯಿಲೆಯವರು, ಕಳ್ಳರಲ್ಲ ಎಂದು ನಾನು ಜಗಳವಾಡಿದೆ. ಯಾರೂ ಕೇಳಲಿಲ್ಲ. ಹಾಕಿದೆವು. ಗೋಡೌನಿಗೆ ಇನ್ನೊಂದು ಬಾಗಿಲು ಇತ್ತು, ಬಟ್ಟೆ ಒಗೆಯುವ ಕಲ್ಲಿನ ಕಡೆಗೆ. ಅದರ ಚಿಲಕ ಮುರಿದು ಎಷ್ಟೋ ಕಾಲವಾಗಿತ್ತು. ಷರತ್ತಿನಲ್ಲಿ ಅದರ ಮಾತೇ ಇರಲಿಲ್ಲವಾದ್ದರಿಂದ ನಾವೂ ಎತ್ತಲಿಲ್ಲ. ಅಲ್ಲಿಂದ ಒಬ್ಬನೂ ಓಡಿಹೋಗಲಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಓಡಿಹೋಗದಂತೆ ಹಿಡಿಯುತ್ತಿದ್ದುದು ಬೀಗವಲ್ಲ, ಚಿಕಿತ್ಸೆ. ವರ್ಷಗಟ್ಟಲೆ ಸಾರಾಯಿಗೆ ಒಗ್ಗಿದ ಮೈಯಿಂದ ಅದನ್ನು ಥಟ್ಟನೆ ಕಿತ್ತುಕೊಂಡರೆ ಮೈ ದಂಗೆ ಏಳುತ್ತದೆ. ಮೊದಲ ದಿನ ಕೈನಡುಕ, ಬೆವರು, ವಾಂತಿ. ಎರಡನೆಯ ದಿನ ಕೆಲವರಿಗೆ ಫಿಟ್ಸ್. ಮೂರನೆಯ ದಿನವೇ ನಿಜವಾದ ಗಂಡಾಂತರ: ಇಲ್ಲದ್ದು ಕಾಣುತ್ತದೆ, ಇಲ್ಲದವರ ದನಿ ಕೇಳುತ್ತದೆ, ಜ್ವರ ಏರುತ್ತದೆ, ಎದೆ ಓಡುತ್ತದೆ. ಅಲ್ಲಿ ಕೈಬಿಟ್ಟರೆ ಪ್ರಾಣ ಹೋಗುತ್ತದೆ. ಆದ್ದರಿಂದ ಬಂದವನಿಗೆ ಮೊದಲು ಕೈ ಚಾಚಿಸಿ ಬೆರಳು ಅಗಲಿಸಿ ನೋಡುವುದು, ನಾಲಿಗೆ ಹೊರಗೆ ಹಾಕಿಸುವುದು, ಹಿಂದೆ ಫಿಟ್ಸ್ ಬಂದಿತ್ತೇ ಎಂದು ಕೇಳುವುದು. ಆಮೇಲೆ ಬಿ-ಒನ್ ವಿಟಮಿನ್ನಿನ ಇಂಜೆಕ್ಷನ್. ಅದಾದ ಮೇಲೆಯೇ ಗ್ಲೂಕೋಸ್. ಹಿಂದುಮುಂದಾದರೆ ಮಿದುಳಿಗೆ ಪೆಟ್ಟು. ನರಗಳನ್ನು ತಣಿಸಿ ನಿದ್ದೆ ಬರಿಸುವ ಶಮನದ ಮಾತ್ರೆ ಮೊದಲು ಧಾರಾಳವಾಗಿ ಕೊಟ್ಟು, ದಿನದಿನಕ್ಕೆ ಇಳಿಸುತ್ತ ವಾರ ಕಳೆಯುವಷ್ಟರಲ್ಲಿ ನಿಲ್ಲಿಸುವುದು. ಈ ಮಾತ್ರೆಗಳು ಹೊರಗಿನವರ ಕಣ್ಣಿಗೆ ಬೀಳುತ್ತಿರಲಿಲ್ಲ. ಭಾನುವಾರ ನೋಡಲು ಬರುತ್ತಿದ್ದ ಹೆಂಡತಿಯರಿಗೆ ಕಾಣುತ್ತಿದ್ದುದು ಎಳೆಗೇಟು, ಅದರಲ್ಲಿ ತೂಗುವ ದೊಡ್ಡ ಬೀಗ, ಒಳಗೆ ತಲೆ ಬಾಚಿಕೊಂಡು ನಗುವ ಗಂಡ. ಹೋದ ವಾರ ಚರಂಡಿಯಲ್ಲಿ ಬಿದ್ದಿದ್ದವನು ಈ ವಾರ ಮನುಷ್ಯನಾಗಿದ್ದಾನೆ. ಇದೆಲ್ಲ ಬೀಗದ ಮಹಿಮೆ ಎಂದು ಅವರು ಲೆಕ್ಕ ಹಾಕಿದರು.

ಆ ವರ್ಷ ಮಾರ್ಚ್ ತಿಂಗಳ ಕೊನೆಯ ವಾರ ಆಫೀಸಿನ ಲೆಕ್ಕಪತ್ರದ ಸೂಪರಿಂಟೆಂಡೆಂಟರು ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಬಸವನಗುಡಿಯ ಕಡೆಯವರು. ಕಾಫಿ ತರಿಸಿ, ಲೋಟ ನನ್ನ ಕಡೆ ಸರಿಸಿ ವಿಷಯಕ್ಕೆ ಬಂದರು.

“ಮೇಡಂ, ನಿಮ್ಮ ವಾರ್ಡಿನ ಗ್ರಾಂಟು ಮೂವತ್ತೊಂದಕ್ಕೆ ಲ್ಯಾಪ್ಸ್ ಆಗತ್ತೆ. ಹೊಸ ಆರ್ಡರ್ ಆಗ್ಬೇಕು ಅಂದ್ರೆ ಸಮಿತಿ ಸೇರ್ಬೇಕು. ಸಮಿತಿ ಯುಗಾದಿ ಕಳೀದೆ ಸೇರಲ್ಲ.”

“ಹೆರಿಗೆ ಆಸ್ಪತ್ರೆಗೂ ಹಾಗೇನಾ?”

“ಅದು ಪರ್ಮನೆಂಟು. ನಿಮ್ಮದು ತಾತ್ಕಾಲಿಕ. ಮೂವತ್ತೊಂದರ ಸಂಜೆ ಮೇಲೆ ನಿಮ್ಮ ವಾರ್ಡು ಇಲ್ಲ. ಕಾಗದದ ಮೇಲೆ ಇಲ್ಲ ಅಂದ್ರೆ ಇಲ್ಲ ಅಂತಲೇ. ಮಾತ್ರೆ ಎಲ್ಲ ಸ್ಟೋರಿಗೆ ವಾಪಸ್ ಕಳಿಸಿ, ಗೇಟಿಗೆ ನಮ್ಮೋರು ಬಂದು ಸೀಲ್ ಮಾಡ್ತಾರೆ. ಆಡಿಟ್ ಅಬ್ಜೆಕ್ಷನ್ ಬಂದ್ರೆ ನಿಮಗೂ ಕಷ್ಟ, ನನಗೂ ಕಷ್ಟ.”

“ಚಿಕಿತ್ಸೆ ಅರ್ಧ ಆಗಿರೋರು?”

“ಅರ್ಧ ಆಗಿರೋರು ಇರಬಾರ್ದು ಮೇಡಂ. ಮುಂಚೆನೇ ಹೇಳ್ತಿರೋದು ಅದಕ್ಕೇ.”

ಆಸ್ಪತ್ರೆಗೆ ಮರಳಿ ಹಿರಿಯ ನರ್ಸಮ್ಮನನ್ನು ಕರೆದು ಕೂತೆ. ಆಕೆ ಹೆರಿಗೆಯ ಕಡೆಯ ಕಾಯಂ ನೌಕರಿಯವಳು, ಹಿಂದಿನ ವಾರ್ಡನ್ನು ಮೊದಮೊದಲು ಬೈದುಕೊಂಡು ಆಮೇಲೆ ತನ್ನದೇ ಮಾಡಿಕೊಂಡವಳು. ಇರುವವರ ಚಿಕಿತ್ಸೆ ಮೂವತ್ತೊಂದರೊಳಗೆ ಮುಗಿಯುವಂತೆ ನೋಡಿಕೊಂಡೆವು. ಹೊಸಬರನ್ನು ಸೇರಿಸುವುದು ನಿಲ್ಲಿಸಿದೆವು. ಕಾಯುತ್ತಿದ್ದವರಿಗೆ ಹೇಳಿ ಕಳಿಸಿದೆವು.

ಹಾಗೆ ಕಾಯುತ್ತಿದ್ದವರಲ್ಲಿ ಗಾರೆ ಮೇಸ್ತ್ರಿಯೊಬ್ಬನಿದ್ದ. ಬಡಾವಣೆಯ ಅರ್ಧ ಮನೆಗಳ ಗೋಡೆಗೆ ಅವನೇ ಗಾರೆ ಮೆತ್ತಿದ್ದು ಎನ್ನುತ್ತಿದ್ದರು. ಕುಡಿಯದ ದಿನ ಅವನ ಕೈಯಿಂದ ಗೋಡೆ ಕನ್ನಡಿಯ ಹಾಗೆ ಬರುತ್ತಿತ್ತಂತೆ. ಅವನ ಹೆಂಡತಿ ಜಯನಗರದ ಫೋರ್ಥ್ ಬ್ಲಾಕ್ ಕಾಂಪ್ಲೆಕ್ಸಿನ ಮುಂದೆ ಹೂವು ಮಾರುವವಳು. ಮಕ್ಕಳಾಗಲಿಲ್ಲವೆಂದು ಅವಳು ಮೊದಲು ನನ್ನ ಹತ್ತಿರ ಬಂದದ್ದು, ಗಂಡನ ಕಥೆ ಆಮೇಲೆ ತಿಳಿದದ್ದು. ಅವನ ವಿಷಯದಲ್ಲಿ ನನಗೆ ಹೆದರಿಕೆ ಇತ್ತು. ಹಿಂದೊಮ್ಮೆ ಜ್ವರದಲ್ಲಿ ಮಲಗಿ ಕುಡಿಯಲಾಗದೆ ಹೋದಾಗ ಅವನಿಗೆ ಫಿಟ್ಸ್ ಬಂದಿತ್ತು. ಒಮ್ಮೆ ಬಂದವನಿಗೆ ಮುಂದಿನ ಸಲ ಇನ್ನೂ ಜೋರು. ಅದಕ್ಕೇ ಅವನಿಗೊಂದು ಮಂಚ ಕಾದಿಟ್ಟಿದ್ದೆ. ಈಗ ಅದೂ ಇಲ್ಲ.

ನಾನು ಬೈಗುಳ ತಿನ್ನಲು ಸಿದ್ಧಳಾಗಿದ್ದೆ. ಅವಳು ಬೈಯಲಿಲ್ಲ. “ಬಿಡಿ ಡಾಕ್ಟ್ರಮ್ಮ, ನೀವೇನ್ ಮಾಡ್ತೀರ. ಹಬ್ಬ ಬರ್ತಾ ಐತೆ, ನಾನೇ ನೋಡ್ಕಂತೀನಿ” ಎಂದು ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ಹರಿದು ನನ್ನ ಮೇಜಿನ ಮೇಲಿಟ್ಟು ಹೋದಳು. ಆ ಸಮಾಧಾನ ನನಗೆ ಹಿಡಿಸಲಿಲ್ಲ. ಏಕೆಂದು ಆಗ ಹೊಳೆಯಲಿಲ್ಲ.

ಮೂವತ್ತೊಂದು ಶನಿವಾರ ಬಿತ್ತು. ಆಫೀಸಿನವರು ಬಂದು ಎಳೆಗೇಟಿಗೆ ಅರಗಿನ ಮುದ್ರೆ ಒತ್ತಿ ಹೋದರು. ಸೋಮವಾರ ಯುಗಾದಿ. ಭಾನುವಾರ ಬೆಳಿಗ್ಗೆ ಮನೆಗೆ ಬಲ್ಬು ಕೊಳ್ಳಲು ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವನು ಖಾಲಿ ರಟ್ಟಿನ ಡಬ್ಬಿಗಳನ್ನು ಮಡಿಸಿ ಕಟ್ಟುತ್ತಿದ್ದ. ಮಾತಿಗೆಂದು ವ್ಯಾಪಾರ ಹೇಗಪ್ಪಾ ಎಂದೆ.

“ಈ ಸಲ ಬೀಗದ್ದೇ ಹಬ್ಬ ಮೇಡಂ” ಎಂದು ನಕ್ಕ. “ಒಂದೂ ಉಳೀಲಿಲ್ಲ. ಎಲ್ಲ ಪಾಳ್ಯದ ಹೆಂಗಸ್ರೇ. ಸಣ್ಣದು ತೋರಿಸಿದ್ರೆ ಬೇಡ ಅಂತಾರೆ. ಆಸ್ಪತ್ರೆ ಗೇಟಲ್ಲಿ ಐತಲ್ಲ, ಅಂಥದ್ದೇ ಕೊಡಿ ಅಂತಾರೆ.”

“ಹಬ್ಬಕ್ಕೆ ಬೀಗ ಯಾಕಂತೆ?”

“ತೊಡಕಿಗೆ ಮೇಡಂ. ಗಂಡಂದಿರನ್ನ ಕೂಡಾಕಕ್ಕೆ.”

ಯುಗಾದಿಯ ಮರುದಿನ ವರ್ಷತೊಡಕು. ಸಿಹಿಯ ಹಬ್ಬ ಮುಗಿದು ಮಾಂಸದ ಅಡುಗೆಯ ದಿನ. ನಮ್ಮ ಕಡೆ ಎಲ್ಲರೂ ನಂಬುವ ಒಂದು ಮಾತಿದೆ: ತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ. ಅಂದು ಯಾರೂ ಸಾಲ ಮಾಡುವುದಿಲ್ಲ, ಅಳುವುದಿಲ್ಲ, ಮಕ್ಕಳನ್ನು ಹೊಡೆಯುವುದಿಲ್ಲ. ಅಂದು ಗಂಡನ ಬಾಯಿಗೆ ಒಂದು ಹನಿಯೂ ಬೀಳದಿದ್ದರೆ? ನನ್ನ ವಾರ್ಡಿನ ಬೀಗವನ್ನು ವಾರ ವಾರ ನೋಡಿದ ಹೆಂಗಸರು ಅದನ್ನೂ ಇದನ್ನೂ ಕೂಡಿಸಿದ್ದರು. ನಾನು ಬಲ್ಬನ್ನು ಅಲ್ಲಿಯೇ ಬಿಟ್ಟು ಹೊರಟೆ. ಇಂದು ಬೀಗ ಬಿದ್ದರೆ ಮೂರನೆಯ ದಿನ ಎಂದರೆ ಸರಿಯಾಗಿ ತೊಡಕು.

ನರ್ಸಮ್ಮನಿಗೆ ಹೇಳಿದೆ. ಆಕೆ ಎದ್ದು ನಿಂತಳು. “ಹೋಗಿ ಹೇಳೋಣ ಮೇಡಂ. ಆದ್ರೆ ಏನಂತ ಹೇಳೋದು? ಬೀಗ ತೆಗೀರಿ ಅಂದ್ರೆ ಸೀದಾ ಅಂಗಡಿಗೆ ಹೋಗ್ತಾರೆ.”

“ಹೋಗ್ಲಿ. ನಮ್ಮ ಹತ್ರ ಮಾತ್ರೆ ಇಲ್ಲ, ಮಂಚ ಇಲ್ಲ. ಒಂದೇ ಸಲ ನಿಲ್ಲಿಸೋದಕ್ಕಿಂತ ಕುಡಿಯೋದೇ ವಾಸಿ. ಕುಡೀಲಿ, ದಿನಕ್ಕೆ ಸ್ವಲ್ಪ ಕಮ್ಮಿ ಮಾಡ್ಲಿ, ವಾರ್ಡು ತೆಗೆದ ಮೇಲೆ ಬರ್ಲಿ ಅಂತಲೇ ಹೇಳ್ಬೇಕು.”

“ಕುಡಿತ ಬಿಡಿಸೋ ಡಾಕ್ಟ್ರು ಕುಡಿಸಿ ಅಂದ್ರು ಅಂತ ಸಮಿತಿಯೋರ ಕಿವಿಗೆ ಬಿದ್ರೆ ನಮ್ಮ ಗ್ರಾಂಟು ಮುಗೀತು ಮೇಡಂ.”

“ಗೊತ್ತು.”

ಆಕೆ ಚಪ್ಪಲಿ ಮೆಟ್ಟಿಕೊಂಡಳು. ಆ ಮಧ್ಯಾಹ್ನ ನಾವಿಬ್ಬರೂ ಪಾಳ್ಯದ ಗಲ್ಲಿ ಗಲ್ಲಿ ತಿರುಗಿದೆವು. ಬಾಗಿಲುಗಳಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದರು, ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದರು. ಕೆಲವು ಬಾಗಿಲಲ್ಲಿ ಮಾವಿನ ತೋರಣದ ಕೆಳಗೆ ಹೊಸ ಬೀಗ ಹೊಳೆಯುತ್ತಿತ್ತು. ನಾನು ಹೇಳಿದ್ದನ್ನು ಕೇಳಿ ಮೊದಲು ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. “ಡಾಕ್ಟ್ರಮ್ಮನೇ ಕುಡ್ಸು ಅಂತಾವ್ರೆ ಕಣೇ!” ಎಂದು ಒಬ್ಬಳು ಗಲ್ಲಿಗೆಲ್ಲ ಸಾರಿದಳು. ಒಳಗಿದ್ದ ಗಂಡಸರು ಚಪ್ಪಾಳೆ ತಟ್ಟಿದರು. ನಾನು ನಗಲಿಲ್ಲ. ಬಾಣಂತಿಯ ಮೈ ಕೊಡವಿ ಸೆಟೆದುಕೊಳ್ಳುವುದನ್ನು ನೋಡಿದ್ದೀರಲ್ಲ, ಹಾಗೆಯೇ ಆಗಿ ಸಾಯುತ್ತಾರೆ ಎಂದೆ. ಆಗ ನಗು ನಿಂತಿತು. ಬಹಳಷ್ಟು ಜನ ಬೀಗ ತೆಗೆದರು. ತಿರುವಿನಲ್ಲಿ ಬಿಳಿ ಬಟ್ಟೆಯ ಒಬ್ಬರು ಸ್ಕೂಟರು ನಿಲ್ಲಿಸಿಕೊಂಡು ನನ್ನ ಮಾತನ್ನೆಲ್ಲ ಕೇಳಿಸಿಕೊಂಡದ್ದು ಕಂಡಿತು. ಆಫೀಸಿನ ಸಮಿತಿಯ ಸದಸ್ಯರು. ಅವರು ನಮಸ್ಕರಿಸಿದರು, ನಾನೂ ನಮಸ್ಕರಿಸಿದೆ.

ಹೂವಿನವಳ ಮನೆ ಗಲ್ಲಿಯ ಕೊನೆಯಲ್ಲಿತ್ತು. ಬೀಗ ಬಿದ್ದಿತ್ತು, ಅವಳು ಮೆಟ್ಟಿಲ ಮೇಲೆ ಕೂತು ಹೂವು ಕಟ್ಟುತ್ತಿದ್ದಳು.

“ಯಾವಾಗ ಹಾಕ್ದೆ?”

“ನಿನ್ನೆ ಸಂಜೇನೇ. ಮೈಯಾಗೆ ಹಳೇದು ಇರ್ತದಲ್ಲ, ಅದೂ ಇಳೀಲಿ ಅಂತ. ತೊಡಕಿನ್ ದಿನ ಸುದ್ಧವಾಗಿರ್ಬೇಕು.”

ಕಿಟಕಿಗೆ ಸರಳುಗಳಿದ್ದವು. ಮೇಸ್ತ್ರಿ ಒಳಗಿಂದ ಬಹಳ ಮರ್ಯಾದೆಯಾಗಿ ನಮಸ್ಕಾರ ಹೇಳಿ, “ಒಂದೇ ಒಂದು ಗ್ಲಾಸು ಕೊಡ್ಸಿ ಡಾಕ್ಟ್ರಮ್ಮ, ಹಬ್ಬ ಆದ್ಮೇಕೆ ಬಿಟ್ಬುಡ್ತೀನಿ” ಎಂದ. ಕೈ ಹೊರಗೆ ಚಾಚು ಎಂದೆ. ಸರಳಿನ ನಡುವೆ ಚಾಚಿದ ಬೆರಳುಗಳು ಗೆಜ್ಜೆ ಕಟ್ಟಿದ ಹಾಗೆ ಅದುರುತ್ತಿದ್ದವು. ಅಂಗೈ ಬೆವರಿನಿಂದ ಜಾರುತ್ತಿತ್ತು. ಹೂವಿನವಳಿಗೆ ಎಷ್ಟು ಬಗೆಯಾಗಿ ಹೇಳಿದೆ! ಬೇಡಿಕೊಂಡೆ, ಗದರಿದೆ. ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟು ಇವತ್ತೇ ಹೋಗು ಎಂದೆ. ಅವಳು ಚೀಟಿಯನ್ನು ಬುಟ್ಟಿಯ ಕೆಳಗೆ ಸಿಕ್ಕಿಸಿದಳು.

“ನೀವೇ ಅಲ್ವಾ ಡಾಕ್ಟ್ರಮ್ಮ, ಸೇರಿಸ್ಕಂಡ್ ಮೇಲೆ ಒಂದು ತೊಟ್ಟೂ ಕೊಡಬಾರ್ದು ಅಂತಿದ್ದಿದ್ದು? ಈಗ ಕೊಡು ಅಂದ್ರೆ? ತೊಡಕಿನ್ ದಿನ ಕುಡುದ್ರೆ ವರ್ಷ ಪೂರ್ತಿ ನಾನು ಒದೆ ತಿನ್ಬೇಕಾ?”

“ಅಲ್ಲಿ ಮಾತ್ರೆ ಕೊಡ್ತಿದ್ವಮ್ಮ. ಬರೀ ಬೀಗ ಅಲ್ಲ.”

“ಮಾತ್ರೆ ಏನು, ಅಂಗಡೀಲೂ ಸಿಗ್ತವೆ” ಎಂದು ತಲೆನೋವಿನ ಮಾತ್ರೆಯ ಪಟ್ಟಿ ತೋರಿಸಿದಳು.

“ಸರಿ, ಫಿಟ್ಸ್ ಬಂದ್ರೆ, ಏನೇನೋ ಮಾತಾಡಿದ್ರೆ ತಕ್ಷಣ ಎತ್ತಾಕ್ಕೊಂಡು ಬಾ. ನಾನು ಇರ್ತೀನಿ.”

“ನಾಳೆ ಆದ್ರೆ ಬತ್ತೀನಿ. ತೊಡಕಿನ್ ದಿನ ಮಾತ್ರ ಆಸ್ಪತ್ರೆ ಮೆಟ್ಲು ತುಳಿಯಕ್ಕಿಲ್ಲ. ವರ್ಷ ಪೂರ್ತಿ ಆಸ್ಪತ್ರೆಗೆ ಅಲೀಬೇಕಾಯ್ತದೆ.”

ಇದು ನನಗೆ ತೋಚಿರಲಿಲ್ಲ. ಸಾವು ಬಾಗಿಲು ತಟ್ಟುವ ದಿನವೇ ಯಾರೂ ಆಸ್ಪತ್ರೆಗೆ ಬರುವುದಿಲ್ಲ.

ಯುಗಾದಿಯ ದಿನ ಮಧ್ಯಾಹ್ನ ಮತ್ತೆ ಹೋದೆ. ಬೆಳಿಗ್ಗೆ ಒಂದು ಸಲ ಮೈ ಕೊಡವಿತು, ಈಗ ಮಲಗವ್ನೆ ಎಂದಳು. ಕೊಡವಿದ್ದೆಂದರೆ ಫಿಟ್ಸ್, ಕಾಯಬೇಡ ಎಂದೆ. ಈಗ ನಿಂತೈತಲ್ಲ, ಇನ್ಯಾಕೆ ಎಂದು ಅವಳು ಮುಖ ತಿರುಗಿಸಿ ನನ್ನ ಕೈಗೆ ಬೇವುಬೆಲ್ಲ ಹಾಕಿದಳು. ಗಲ್ಲಿಯಲ್ಲಿ ಹೋಳಿಗೆಯ ವಾಸನೆ, ಮಕ್ಕಳ ಮೈಮೇಲೆ ಹೊಸ ಬಟ್ಟೆ. ಆ ಮನೆಯ ಒಳಗಿಂದ ಮಾತ್ರ ಯಾರೋ ನೆಲ ಕೆರೆಯುವ ಸದ್ದು ಬರುತ್ತಿತ್ತು.

ತೊಡಕಿನ ದಿನ ಆಸ್ಪತ್ರೆ ಬಿಕೋ ಎನ್ನುತ್ತಿತ್ತು. ಹೆರಿಗೆಯೂ ಆ ದಿನ ಒಂದೇ. ಊರೆಲ್ಲ ಮಸಾಲೆ ಅರೆಯುವ ಸದ್ದು. ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಅರಗಿನ ಮುದ್ರೆಯ ಗೇಟನ್ನೇ ನೋಡುತ್ತ ಕೂತೆ. ಯಾರೂ ಬರಲಿಲ್ಲ. ಬರದಿರುವುದೇ ನನ್ನನ್ನು ಹೆದರಿಸಿತು. ಊಟದ ಹೊತ್ತು ಮೀರಿದ ಮೇಲೆ ತಡೆಯಲಾಗಲಿಲ್ಲ, ನರ್ಸಮ್ಮನಿಗೆ ಬ್ಯಾಗು ಹಿಡಿಸಿಕೊಂಡು ಪಾಳ್ಯಕ್ಕೆ ನಡೆದೆ.

ಹೂವಿನವಳು ಅದೇ ಮೆಟ್ಟಿಲ ಮೇಲಿದ್ದಳು. ತಲೆಗೆ ಎರೆದುಕೊಂಡಿದ್ದಳು, ಮುಡಿ ತುಂಬ ಹೂವು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿತ್ತು. ಅವಳ ಮುಖ ಹಾಗೆ ಬೆಳಗಿದ್ದನ್ನು ನಾನು ಎಂದೂ ನೋಡಿರಲಿಲ್ಲ.

“ನೋಡಿ ಡಾಕ್ಟ್ರಮ್ಮ” ಎಂದು ಕಿಟಕಿ ತೋರಿಸಿದಳು. “ಬೆಳಗಿಂದ ಕೆಲಸ ಮಾಡ್ತಾವ್ನೆ. ಹನಿ ಕುಡೀದೆ! ತೊಡಕಿನ್ ದಿನ ಕೆಲಸ ಹಿಡದವ್ನೆ, ಇನ್ನು ವರ್ಷ ಪೂರ್ತಿ ನಂಗೆ ಚಿಂತೆ ಇಲ್ಲ.”

ನಾನು ಕಿಟಕಿಗೆ ಮುಖ ಒಡ್ಡಿದೆ. ಮೇಸ್ತ್ರಿ ಗೋಡೆಗೆ ಗಾರೆ ಮೆತ್ತುತ್ತಿದ್ದ. ಗಾರೆ ಇರಲಿಲ್ಲ, ಕರಣೆ ಇರಲಿಲ್ಲ. ಬರಿಗೈಯನ್ನು ನೆಲದಲ್ಲಿ ಅದ್ದಿ, ಎತ್ತಿ, ಗೋಡೆಗೆ ಬೀಸಿ, ಅರ್ಧಚಂದ್ರದ ಹಾಗೆ ಸವರುತ್ತಿದ್ದ. ಅಂಗೈಯ ಚರ್ಮ ಕಿತ್ತು ಗೋಡೆಯ ಮೇಲೆಲ್ಲ ಕೆಂಪು ಅರ್ಧಚಂದ್ರಗಳು. “ನೀರು ಜಾಸ್ತಿ ಆಯ್ತು ಕಣ್ರೋ… ರಸಮಟ್ಟ ತಾ… ಅಗೋ ಗೋಡೆ ಬೀಳ್ತದೆ, ಹಿಡ್ಕಳ್ರೋ” ಎಂದು ಮೂಲೆಯಲ್ಲಿ ಇಲ್ಲದ ಆಳುಗಳನ್ನು ಕೂಗುತ್ತಿದ್ದ. ಕಣ್ಣು ನನ್ನ ಮೇಲೆ ಹಾದುಹೋಯಿತು, ನಾನು ಅವನಿಗೆ ಕಾಣಲಿಲ್ಲ. ಅಂಗಿ ಮೈಗೆ ಅಂಟಿತ್ತು. ಅಷ್ಟು ದೂರದಿಂದಲೇ ಕುತ್ತಿಗೆಯ ನರ ಓಡುವುದು ಕಾಣುತ್ತಿತ್ತು. ಮೂರನೆಯ ದಿನ ಕೆಲವರು ಹೀಗೆಯೇ ತಮ್ಮ ಕಸುಬನ್ನು ಗಾಳಿಯಲ್ಲಿ ಮಾಡುತ್ತಾರೆ. ಕೈ ನಿಂತಾಗ ಉಸಿರೂ ನಿಲ್ಲಬಹುದು.

“ಬೀಗ ತೆಗಿ.”

“ಆಸ್ಪತ್ರೆಗೆ ಬರಕ್ಕಿಲ್ಲ ಅಂತ ಹೇಳಿವ್ನಿ” ಎಂದು ಸೊಂಟದ ಮೇಲೆ ಕೈ ಮುಚ್ಚಿದಳು.

ಕಿತ್ತುಕೊಳ್ಳಬಹುದಿತ್ತು. ಆದರೆ ಸುತ್ತ ಮನೆಗಳಿಂದ ಜನ ಹೊರಗೆ ಬಂದಿದ್ದರು, ಜಗಳವಾದರೆ ಅವನನ್ನು ಎತ್ತಲು ಒಂದು ಕೈಯೂ ಸಿಗುತ್ತಿರಲಿಲ್ಲ. ನಾನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತೆ. ಸೂಪರಿಂಟೆಂಡೆಂಟರ ಮಾತು ಅದೆಲ್ಲಿಂದಲೋ ನೆನಪಾಯಿತು.

“ಆಸ್ಪತ್ರೆಗೆ ಯಾರು ಕರೆದ್ರು? ನನ್ನ ವಾರ್ಡು ಈಗ ಇಲ್ವೇ ಇಲ್ಲಮ್ಮ. ಆಫೀಸಿನೋರು ಮುದ್ರೆ ಹಾಕಿ ಹೋಗಿದಾರೆ, ಬೇಕಾದ್ರೆ ಕೇಳು ಇವರನ್ನ. ಇವತ್ತು ಅಲ್ಲಿರೋದು ಹೆರಿಗೆ ಮನೆ ಒಂದೇ.”

ನರ್ಸಮ್ಮ ಥಟ್ಟನೆ ಹಿಡಿದುಕೊಂಡಳು. “ಹೌದು ಕಣಮ್ಮ. ಬರೀ ಹೆರಿಗೆ ಮನೆ. ತೊಡಕಿನ ದಿನ ಗಂಡನ್ನ ಕರ್ಕೊಂಡು ಹೆರಿಗೆ ಮನೆಗೆ ಹೋಗೋದು ಕೆಟ್ಟದ್ದಾ?”

ಎದುರು ಮನೆಯ ಮುದುಕಿ ಕಿಸಕ್ಕನೆ ನಕ್ಕು, “ಹೋಗೇ, ಹೋಗು. ವರ್ಷದೊಳಗೆ ತೊಟ್ಲು ಕಟ್ಟೀಯೆ” ಎಂದಳು. ಹೂವಿನವಳು ಒಮ್ಮೆ ನನ್ನನ್ನೂ ಒಮ್ಮೆ ಮುದುಕಿಯನ್ನೂ ನೋಡಿದಳು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದುಕೊಟ್ಟಳು.

ಆಟೋ ಒಂದೂ ಇರಲಿಲ್ಲ. ತರಕಾರಿ ತಳ್ಳುವ ಗಾಡಿಯ ಮೇಲೆ ಚಾಪೆ ಹಾಸಿ ಮಲಗಿಸಿದೆವು. ತಳ್ಳಿದವರು ಗಲ್ಲಿಯ ಗಂಡಸರು. ಎಲ್ಲರ ಬಾಯಲ್ಲೂ ಸಾರಾಯಿಯ ವಾಸನೆ, ಕೈ ಮಾತ್ರ ಗಟ್ಟಿ. ಆಸ್ಪತ್ರೆಯ ಅಂಗಳಕ್ಕೆ ಬರುವಷ್ಟರಲ್ಲಿ ಅವನಿಗೆ ಮತ್ತೆ ಫಿಟ್ಸ್ ಬಂತು. ಗಾಡಿಯಲ್ಲೇ ಪಕ್ಕಕ್ಕೆ ಹೊರಳಿಸಿ ನೊರೆ ಒರೆಸಿದೆವು.

ನನ್ನ ಮಾತ್ರೆಗಳು ಸ್ಟೋರಿನಲ್ಲಿದ್ದವು. ಆದರೆ ಹೆರಿಗೆಯ ಕಡೆ, ಬಸುರಿಯರಿಗೆ ನಂಜೇರಿ ಫಿಟ್ಸ್ ಬಂದರೆ ಕೊಡಲೆಂದು ಇಟ್ಟ ಶಮನದ ಇಂಜೆಕ್ಷನ್ ಇತ್ತು. ಅಂಥವರಿಗೆಂದೇ ಸದ್ದಿಲ್ಲದ ಒಂದು ಕೋಣೆ, ಅಡ್ಡಕಂಬಿಯ ಮಂಚ ಇತ್ತು. ಗಡ್ಡ ಬೆಳೆದ ಗಾರೆ ಮೇಸ್ತ್ರಿಯನ್ನು ಅಲ್ಲಿಯೇ ಮಲಗಿಸಿದೆವು. ನಂಜಿನವರಿಗೆ ಕತ್ತಲು ಬೇಕು, ಇವನಿಗೆ ಬೆಳಕು. ಕತ್ತಲಲ್ಲಿ ಇವರಿಗೆ ಇನ್ನೂ ಹೆಚ್ಚು ಕಾಣುತ್ತದೆ. ಕಿಟಕಿಯ ಪರದೆ ತೆಗೆಸಿದೆ. ಬಿ-ಒನ್ ಕೊಟ್ಟು, ಆಮೇಲೆ ಗ್ಲೂಕೋಸ್ ಏರಿಸಿ, ಶಮನದ ಔಷಧಿಯನ್ನು ನರದೊಳಗೆ ಬಹಳ ನಿಧಾನವಾಗಿ ತಳ್ಳಿದೆ. ಬೇಗ ಹೋದರೆ ಉಸಿರು ನಿಲ್ಲುತ್ತದೆ. ನರ್ಸಮ್ಮ ಉಸಿರು ಎಣಿಸುತ್ತಿದ್ದಳು. ಅವನ ಕೈ ಹಾಸಿಗೆಯ ಮೇಲೆ ಗಾರೆ ಸವರುತ್ತಲೇ ಇತ್ತು. ಸವರುವುದು ನಿಧಾನವಾಯಿತು. ಕೊನೆಗೆ ಬೆರಳು ಬಿಚ್ಚಿ ಅಂಗೈ ಮೇಲಾಯಿತು. ಎದೆಬಡಿತ ಇಳಿಯಿತು. ನಿದ್ದೆ.

ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ತೊಡಕಿನ ದಿನ ಅಳಬಾರದು ಎಂದು ನರ್ಸಮ್ಮ ಗದರಿದಳು.

ಹೂವಿನವಳು ಗಂಡನ ಪಾದ ಹಿಡಿದು ಕೂತಿದ್ದಳು. ಅವನು ಸಾವಿನ ಅಂಚಿಗೆ ಹೋಗಿದ್ದನೆಂದು ಈಗ ಅವಳಿಗೂ ಅರ್ಥವಾಗಿತ್ತು. ಮುಖದ ಬೆಳಕು ಹೋಗಿತ್ತು. ತನಗೆ ತಾನೇ ಎಂಬಂತೆ, “ನಾನು ಎರಡು ಬೀಗ ತಗಂಡಿದ್ದೆ” ಎಂದಳು.

“ಎರಡಾ?”

“ಒಂದು ನನ್ ತಂಗಿಗೆ. ಕೆರೆ ಏರಿ ಆಚೆ ಅವಳ ಮನೆ. ಅವಳ ಗಂಡನೂ ಹಿಂಗೇ.”

ನಾವು ಕೆರೆಯ ಆಚೆಗೆ ಹೋಗಿರಲಿಲ್ಲ. ಅಲ್ಲಿಂದ ಯಾರೂ ನಮ್ಮ ವಾರ್ಡಿಗೆ ಬರುತ್ತಿರಲಿಲ್ಲ. ನಾನು ಮೇಸ್ತ್ರಿಯನ್ನು ಬಿಟ್ಟು ಏಳುವಂತಿರಲಿಲ್ಲ, ನರ್ಸಮ್ಮ ಇಂಜೆಕ್ಷನ್ ಕಟ್ಟಿಕೊಂಡು ಗಾಡಿಯವರೊಂದಿಗೆ ಓಡಿದಳು. ಹೊತ್ತು ಮುಳುಗುವ ಮೊದಲು ಹಿಂದಿರುಗಿದಳು. ಗಾಡಿ ಜೊತೆಯಲ್ಲಿ ಬರಲಿಲ್ಲ.

“ಬೆಳಿಗ್ಗೆನೇ ಸದ್ದು ನಿಂತಿತ್ತಂತೆ ಮೇಡಂ” ಎಂದಳು. “ನಿದ್ದೆ ಹತ್ತಿದೆ, ಎಬ್ಬಿಸಿದ್ರೆ ಕುಡಿಯಕ್ಕೆ ಕೇಳ್ತಾನೆ ಅಂತ ಬೀಗ ತೆಗೀಲಿಲ್ವಂತೆ.”

ಹೂವಿನವಳು ಅಳಲಿಲ್ಲ. ಮುಡಿಯಿಂದ ಹೂವನ್ನು ಕಿತ್ತು ಕಿಟಕಿಯ ಹೊರಗೆ ಹಾಕಿದಳು.

ಆ ತಿಂಗಳ ನಡುವೆ ಸಮಿತಿ ಸೇರಿತು. ಸ್ಕೂಟರಿನ ಸದಸ್ಯರು ನಾನೆಂದುಕೊಂಡ ಹಾಗೆಯೇ ಎದ್ದು ನಿಂತರು. ಸಾರ್ವಜನಿಕರ ದುಡ್ಡು ತಿಂದು ಮನೆ ಮನೆಗೆ ಹೋಗಿ ಕುಡಿಯಿರಿ ಎಂದು ಬೋಧಿಸಿದ ಡಾಕ್ಟರಿಗೆ ಅನುದಾನ ಯಾಕೆ ಎಂದರು. ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಒಂದನ್ನೂ ಅಲ್ಲಗಳೆಯಲಿಲ್ಲ. ಹೌದು ಸಾರ್, ಹೇಳಿದೆ, ಹೇಳಿದ ಗಲ್ಲಿಗಳಲ್ಲಿ ಎಲ್ಲರೂ ಬದುಕಿದ್ದಾರೆ, ಹೇಳದ ಕಡೆ ಒಬ್ಬ ಸತ್ತ, ನಿಮ್ಮ ಗೇಟಿನ ಬೀಗ ನೋಡಿ ಹಾಕಿದ ಬೀಗದೊಳಗೇ ಸತ್ತ ಎಂದೆ. ದನಿ ಜೋರಾಗಿಯೇ ಇತ್ತು. ಸೂಪರಿಂಟೆಂಡೆಂಟರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. ನಾನು ಎರಡು ಕೇಳಿದೆ: ಹೊಸ ಆದೇಶ ಬರುವವರೆಗೆ ಹಳೆಯ ಅನುದಾನ ನಡೆಯಬೇಕು, ಗೇಟಿನ ಬೀಗ ಹೋಗಬೇಕು. ಮೊದಲನೆಯದಕ್ಕೆ ದಾರಿಯಿದೆ ಎಂದು ಸೂಪರಿಂಟೆಂಡೆಂಟರೇ ಎದ್ದು ಹೇಳಿದರು. ಅದು ಆಯಿತು. ಎರಡನೆಯದು ಆಗಲಿಲ್ಲ. ಹೆರಿಗೆ ಆಸ್ಪತ್ರೆಯ ಮರ್ಯಾದೆಯ ಪ್ರಶ್ನೆ ಎಂದರು.

ವಾರ್ಡು ಮತ್ತೆ ತೆರೆಯಿತು. ಮೇಸ್ತ್ರಿ ಮನೆಗೆ ಹೋಗಿ ಕೆಲವು ದಿನ ಚೆನ್ನಾಗಿದ್ದ, ಆಮೇಲೆ ಮತ್ತೆ ಕುಡಿದ. ವರ್ಷವೆಲ್ಲ ಕುಡಿದ. ಹೂವಿನವಳು ಕಾಂಪ್ಲೆಕ್ಸಿನ ಮುಂದೆ ನನ್ನನ್ನು ಕಂಡರೆ ಬುಟ್ಟಿಯ ಕಡೆ ತಿರುಗಿಬಿಡುತ್ತಿದ್ದಳು. ತೊಡಕಿನ ದಿನ ಬೀಗ ತೆಗೆಸಿದವಳು ನಾನು. ಅದಕ್ಕೇ ವರ್ಷ ಹೀಗಾಯಿತು ಎಂದು ಯಾರ ಹತ್ತಿರವೋ ಅಂದಳಂತೆ. ನನಗೆ ನೋವಾಯಿತು. ಬೈದುಕೊಳ್ಳಲು ಅವಳಿಗೊಬ್ಬ ಗಂಡನಾದರೂ ಉಳಿದಿದ್ದಾನೆ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ವರ್ಷ ಯುಗಾದಿ ಮಾರ್ಚಿನಲ್ಲೇ ಬಂತು. ಹಬ್ಬಕ್ಕೆ ವಾರ ಮೊದಲು ಹಾರ್ಡ್‌ವೇರ್ ಅಂಗಡಿಯವನು ನನ್ನನ್ನು ಕಂಡವನೇ, “ಈ ಸಲ ಮುಂಚೆನೇ ತರಿಸಿಟ್ಟಿದೀನಿ ಮೇಡಂ” ಎಂದ. ಮರುದಿನವೇ ಗಲ್ಲಿಗಳಿಗೆ ಹೊರಡಬೇಕೆಂದು ನರ್ಸಮ್ಮನೊಂದಿಗೆ ಮಾತಾಡುತ್ತಿದ್ದಾಗ ಅಂಗಳದಲ್ಲಿ ಹೂವಿನವಳು ನಿಂತಿದ್ದಳು. ಜೊತೆಯಲ್ಲಿ ಮೇಸ್ತ್ರಿ, ತೂರಾಡುತ್ತ. ಅವಳ ಕೈಯಲ್ಲಿ ಹೋದ ವರ್ಷದ ಬೀಗ.

“ಸೇರಿಸ್ಕಳಿ” ಎಂದಳು. “ಈ ಸಲ ಹಬ್ಬ ಇಲ್ಲೇ ಆಗ್ಲಿ. ಗೇಟಿಗೆ ನಿಮ್ ಬೀಗದ ಜೊತೆ ನನ್ದೂ ಹಾಕ್ತೀನಿ. ನಿಮ್ದನ್ನ ಯಾರಾರ ತೆಗ್ದಾರು.”

ನಾನು ಮೇಸ್ತ್ರಿಯನ್ನು ಅಟೆಂಡರಿಗೆ ಒಪ್ಪಿಸಿ ಅವಳ ಕೈ ಹಿಡಿದುಕೊಂಡೆ. ವಾರ್ಡಿನೊಳಗೆ ನಡೆಸಿಕೊಂಡು, ಮಂಚಗಳ ನಡುವೆ ಹಾದು, ಹಿಂಬದಿಯ ಬಾಗಿಲಿಗೆ ಕರೆದೊಯ್ದೆ. ಬಾಗಿಲು ಹಾರುಹೊಡೆದಿತ್ತು. ಆಚೆ ಒಗೆಯುವ ಕಲ್ಲು, ಬಿಸಿಲು, ಬೇಲಿಯಿಲ್ಲದ ಬಯಲು, ಅದರಾಚೆ ರಸ್ತೆ. ವಾರ್ಡಿನ ಇಬ್ಬರು ಗಂಡಸರು ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು.

“ಇದಕ್ಕೆ ಬೀಗ ಎಲ್ಲಿ?” ಎಂದಳು.

“ಇಲ್ಲಮ್ಮ. ಯಾವತ್ತೂ ಇರಲಿಲ್ಲ.”

“ಮತ್ತೆ ಇವರು ಯಾಕೆ ಓಡೋಗಕ್ಕಿಲ್ಲ?”

ನಾನು ನರ್ಸಮ್ಮನ ಟ್ರೇಯಿಂದ ಮಾತ್ರೆಯ ಸೀಸೆ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಸೀಸೆಯನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು, ಇನ್ನೊಂದು ಕೈಯಲ್ಲಿದ್ದ ಬೀಗವನ್ನು ನೋಡಿದಳು. ಬಗ್ಗಿ ಬೀಗವನ್ನು ಹೊಸ್ತಿಲ ಮೇಲಿಟ್ಟಳು.

“ಡಾಕ್ಟ್ರಮ್ಮ” ಎಂದಳು, “ನನ್ ತಂಗೀಗೆ ಬೀಗ ನಾನೇ ಕೈಯಾರ ಹಾಕ್ಕೊಟ್ಟು ಬಂದಿದ್ದೆ.”

ಅವಳನ್ನು ಆ ಬಾಗಿಲಲ್ಲಿ ಕೂರಿಸಿ ನೀರು ಕೊಟ್ಟೆ. ಒಳಗೆ ಅಟೆಂಡರು ಮೇಸ್ತ್ರಿಗೆ ಕೈ ಚಾಚು, ಬೆರಳು ಅಗಲಿಸು ಎಂದು ಹೇಳುತ್ತಿದ್ದ.